ಇಪ್ಪತ್ತೆರಡು ಫಲಕ, ಒಂದು ಹರಿದ ಅಚ್ಚು

ಹೊತ್ತು ಮೂಡುವ ಮುನ್ನವೇ ನೋಲೀನ್ ಪಾಸ್ಕೋ ಅವರ ತಗಡಿನ ಶೆಡ್ಡಿನಲ್ಲಿ ಕೆಲಸ ಶುರುವಾಗಿದೆ. ಬರ್ರಾಡೀನ್ ಊರಿನ ಬಿಸಿಲು ಏರಿದರೆ ಅಚ್ಚಿಗೆ ಹೊಯ್ಯುವ ಅಂಟುದ್ರವ, ರೆಸಿನ್, ಮಾತು ಕೇಳುವುದಿಲ್ಲ. ಕಲಸಿದ ಮೂರೇ ನಿಮಿಷಕ್ಕೆ ಬಿಗಿಯುತ್ತದೆ. ಈ ತಂಪಿನಲ್ಲಾದರೆ ಎಂಟು ನಿಮಿಷ. ಅಷ್ಟರೊಳಗೆ ರಬ್ಬರ್ ಅಚ್ಚಿನ ಇಪ್ಪತ್ತೆರಡು ಸೀಳುಗಳಿಗೂ ಸಣ್ಣ ಕುಂಚದಿಂದ ಅದನ್ನು ಸವರಬೇಕು. ಒಂದೊಂದು ಸೀಳೂ ಒಂದೊಂದು ಬೆನ್ನಫಲಕ. ಎಲ್ಲೋ ಒಂದು ಗಾಳಿಗುಳ್ಳೆ ಉಳಿದರೂ ಪ್ರಾಣಿ ಊನ.

ಪ್ರಾಣಿಯೆಂದರೆ ಡೈನೋಸಾರ್. ಮೈಮೇಲೆ ಫಲಕ ಹೊತ್ತು, ಸೊಪ್ಪು ತಿಂದುಕೊಂಡು ಇದೇ ಸೀಮೆಯಲ್ಲಿ ಓಡಾಡಿದ್ದು. ಅದರ ಗೇಣುದ್ದದ ಮಾದರಿಗಳನ್ನು ಊರಿನ ವಸ್ತುಸಂಗ್ರಹಾಲಯ ಹವ್ಯಾಸಿಗಳಿಗೆ ಮಾರುತ್ತದೆ. ಹೊಟ್ಟೆಯಡಿ ಸಂಖ್ಯೆ ಕೊರೆದ ನಲವತ್ತು ಮಾತ್ರ. ಇವತ್ತಿನದು ಕೊನೆಯದು. ಆದರೆ ಅಚ್ಚು ಏಳನೆಯ ಫಲಕದ ಬಳಿ ಹರಿಯುತ್ತಿದೆ. ನಲವತ್ತೂ ನೆಟ್ಟಗೆ ಬಂದರೆ ಮುಂದಿನ ಪ್ರಾಣಿಯ ಕೆಲಸವೂ ನೋಲೀನ್‌ಗೆ. ಇಲ್ಲದಿದ್ದರೆ ಹೊರದೇಶದ ಕಾರ್ಖಾನೆಗೆ. ಇದು ಸಂಗ್ರಹಾಲಯದ ಸಮಿತಿಯ ಮಾತು. ಹೊಸ ಅಚ್ಚಿಗೆ ರಬ್ಬರ್ ಕೊಡಿ ಎಂದು ನೋಲೀನ್ ಎರಡು ಸಲ ಕೇಳಿದಾಗ ಇದೇ ಸಮಿತಿಗೆ ಕಿವಿ ಇರಲಿಲ್ಲ.

"ಹಲ್ಲುಜ್ಜುವಾಗಲೂ ಆ ಹರಿದಿರೋದೇ ಕಣ್ಣ ಮುಂದೆ," ಎನ್ನುತ್ತಾರೆ ನೋಲೀನ್. ವಯಸ್ಸು ಅರವತ್ತೊಂದು. ಹತ್ತೊಂಬತ್ತು ವರ್ಷ ಉಣ್ಣೆಯ ನವಿರನ್ನು ಬೆರಳಲ್ಲೇ ತಿಳಿದು ವಿಂಗಡಿಸಿದವರು. ಆ ಕೆಲಸ ಹೋಯಿತು, ಬೆರಳು ಉಳಿದವು. ಮೂಲೆಯ ಫ್ಯಾನು ಮಾರ್ಚಿನಿಂದ ಕೆಟ್ಟು ನಿಂತಿದೆ. ರೆಸಿನ್ನಿನ ಘಾಟು ಹೊರಹೋಗದೆ ಎದೆಯಲ್ಲಿ ಕೆಮ್ಮಾಗಿ ಕೂತಿದೆ.

ಎಂಟಕ್ಕೆ ಸಂಗ್ರಹಾಲಯದ ಅಂಗಡಿ ನೋಡಿಕೊಳ್ಳುವ ಕಾಲಿನ್ ಖಾಲಿ ಪೆಟ್ಟಿಗೆ ಹಿಡಿದು ಬರುತ್ತಾನೆ.

"ಇನ್ನೂ ತೆಗೆದಿಲ್ವಾ?"

"ಹೆರಿಗೆ ಕೋಣೆಗೆ ನುಗ್ಗೋ ಗಂಡನ ಹಾಗೆ ಆಡಬೇಡ. ಅಲ್ಲೇ ಕೂತು ಚಾ ಕುಡಿ."

ಅಚ್ಚಿಗೆ ಬಿಗಿದ ಹಳೆ ಸೈಕಲ್ ಟ್ಯೂಬಿನ ಪಟ್ಟಿಗಳನ್ನು ನೋಲೀನ್ ಒಂದೊಂದಾಗಿ ಬಿಚ್ಚುತ್ತಾರೆ. ರಬ್ಬರನ್ನು ಹಿಂದಕ್ಕೆ ಮಡಚುವಾಗ ಪರ್ರೆಂದು ಸದ್ದು. ಅಚ್ಚು ಎರಡು ಹೋಳು.

"ಹೋಯ್ತಲ್ಲೇ ನೋಲೀನ್!"

"ಬಾಯಿ ಮುಚ್ಚೋ."

ಅವರು ಹೆಬ್ಬೆರಳಿನಿಂದ ಬೆನ್ನು ಸವರುತ್ತಾ ಎಣಿಸುತ್ತಾರೆ. ಏಳರಲ್ಲಿ ಬೆರಳು ನಿಲ್ಲುತ್ತದೆ. ಮತ್ತೆ ಸವರುತ್ತದೆ. ಮುಂದಕ್ಕೆ ಹೋಗುತ್ತದೆ. ಇಪ್ಪತ್ತೆರಡು. ಒಂದೂ ಮುಕ್ಕಾಗಿಲ್ಲ. ಅವರು ಸ್ಟೂಲಿನ ಮೇಲೆ ಕುಸಿದು, ಉಸಿರು ಕಟ್ಟುವಷ್ಟು ಕೆಮ್ಮುತ್ತಾರೆ.

ಕಾಲಿನ್ ತಂದ ಪೆಟ್ಟಿಗೆಯ ಮೇಲೆ ಎಲುಬು ಹುಡುಕಿದ ವಿಜ್ಞಾನಿಯ ಹೆಸರಿದೆ, ಚಿತ್ರ ಬರೆದವನ ಹೆಸರಿದೆ, ಹಣ ಕೊಟ್ಟವರ ಮುದ್ರೆಯಿದೆ. ನಲವತ್ತು ಬೆನ್ನುಗಳನ್ನು ಎತ್ತಿ ನಿಲ್ಲಿಸಿದವರ ಹೆಸರಿಗೆ ಮಾತ್ರ ಜಾಗ ಸಿಕ್ಕಿಲ್ಲ. ಇದನ್ನು ಮರೆವು ಎಂದು ಕ್ಷಮಿಸುವುದು ಹೇಗೆ?

ಕಾಲಿನ್‌ಗೂ ನಾಚಿಕೆಯಾಗಿರಬೇಕು. "ಮುಂದಿನ ಪೆಟ್ಟಿಗೆ ಮೇಲೆ ನಿನ್ನ ಹೆಸರು ಹಾಕ್ಸೋಣ ಕಣೇ," ಎನ್ನುತ್ತಾನೆ.

ನೋಲೀನ್ ಕಣ್ಣೊರೆಸಿಕೊಂಡು ಮೂಲೆಯ ಕಡೆ ಕೈ ತೋರಿಸುತ್ತಾರೆ.

"ಹೆಸರು ಆಮೇಲೆ ಹಾಕ್ಸೋ ಮಾರಾಯ. ಮೊದಲು ಆ ಫ್ಯಾನು ತಿರುಗೋ ಹಾಗೆ ಮಾಡು. ಇನ್ನೂ ನಲವತ್ತು ಹೊಯ್ಯೋಕೆ ನಂಗೆ ಉಸಿರು ಬೇಕು."