ಮಾಮೂಲಿ

ಸಿಗರೇಟು ಬಿಟ್ಟರೆ ಬೆಳಿಗ್ಗೆ ಹೊಟ್ಟೆ ಕಟ್ಟಿಕೊಳ್ಳಬಹುದು, ಕೈ ನಡುಗಬಹುದು, ಹೆಂಡತಿಯ ಮೇಲೆ ರೇಗಬಹುದು, ರೇಗಿದ್ದಕ್ಕೆ ಅವಳು ತವರಿಗೆ ಹೋಗಬಹುದು, ಬಸ್ಸಿನಲ್ಲಿ ತಲೆ ತಿರುಗಿ ಯಾರದೋ ಮೇಲೆ ಬೀಳಬಹುದು ಎಂದೆಲ್ಲ ಹೆದರಿದ್ದೆ. ಆದರೆ ಹೀಗೇ ಸೇದಿದರೆ ಶ್ವಾಸಕೋಶ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ದಾರಿಯಿರಲಿಲ್ಲ. ಭಾನುವಾರ ಬಿಟ್ಟೆ. ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಹೊಟ್ಟೆ ಕೂಡ ಮರ್ಯಾದೆಯಿಂದ ನಡೆದುಕೊಂಡಿತು.

ಸೋಮವಾರ ಕೊಳ್ಳೇಗಾಲದಿಂದ ಆಫೀಸಿಗೆಂದು ಹನೂರಿನಲ್ಲಿ ಬಸ್ಸಿಳಿದು, ದಿನಾ ಹೋಗುವ ಟೀ ಅಂಗಡಿಯ ಮುಂದೆ ನಿಂತೆ. ಬರೀ ಟೀ, ಬರೀ ಟೀ ಎಂದು ದಾರಿಯಲ್ಲಿ ಸಿಗುವ ಕಾಮಗೆರೆಯಿಂದಲೂ ಹೇಳಿಕೊಂಡು ಬಂದಿದ್ದೆ.

"ಏನ್ ಕೊಡ್ಲಿ ಸಾ?" ಎಂದ ಅಂಗಡಿಯವನು.

"ಮಾಮೂಲಿ," ಎಂದೆ.

ಅವನು ಟೀ ಇಟ್ಟ. ಪಕ್ಕದಲ್ಲಿ ಒಂದು ಸಿಗರೇಟು, ಬೆಂಕಿಪೊಟ್ಟಣ.

"ಅಯ್ಯೋ, ನಾನು ಬಿಟ್ಟಿದೀನಪ್ಪಾ!"

"ಯಾವಾಗ ಸಾ?"

"ನೆನ್ನೆ."

"ಮಾಮೂಲಿ ಅಂದೋರು ನೀವೇ ಅಲ್ವಾ? ಬ್ಯಾಡಾಂದ್ರೆ ಎತ್ತಿ ಮಡಗ್ತೀನಿ ಬುಡಿ," ಎಂದು ಅವನು ಕೈ ಚಾಚುವಷ್ಟರಲ್ಲಿ ಸಿಗರೇಟು ನನ್ನ ತುಟಿಯಲ್ಲಿತ್ತು.

ಹೊಟ್ಟೆ, ಕೈ, ಹೆಂಡತಿ ಎಲ್ಲದರ ಬಗ್ಗೆಯೂ ಯೋಚಿಸಿದ್ದೆ. ಟೀಗೂ ಸಿಗರೇಟಿಗೂ ಸೇರಿಸಿ ಇಷ್ಟು ವರ್ಷ ಹೇಳುತ್ತಿದ್ದ ಆ ಒಂದು ಪದವನ್ನೂ ಬಿಡಬೇಕೆಂದು ಮಾತ್ರ ಹೊಳೆದಿರಲಿಲ್ಲ.