ಮುತ್ತಮ್ಮ ಬಿಟ್ಟಿದ್ದ ಮೊದಲ ಶೀಲ

ಬಾಣಾವರದ ಮುತ್ತಮ್ಮ ಆರು ವರ್ಷ ಪಂಚಶೀಲದಲ್ಲಿ ನಾಲ್ಕನ್ನು ಮಾತ್ರ ಹೇಳಿದರು.

ಹುಣ್ಣಿಮೆಯ ಸಂಜೆ ಅವರ ಮನೆಯ ನಡುಕೋಣೆಯಲ್ಲಿ ಊರಿನ ಕೆಲವು ಬೌದ್ಧ ಕುಟುಂಬಗಳು ಸೇರುತ್ತವೆ. ಬುದ್ಧನ ಪಟ, ಬಾಬಾಸಾಹೇಬರ ಪಟ, ಮುಂದೆ ಮೇಣದಬತ್ತಿ. ಮೊದಲೆಲ್ಲ ಶೀಲ ಹೇಳಿಕೊಡುತ್ತಿದ್ದವರು ಮುತ್ತಮ್ಮನೇ; ಅಂಗನವಾಡಿ ಮಕ್ಕಳಿಗೆ ಪದ್ಯ ಹೇಳಿಕೊಟ್ಟು ಪಳಗಿದ ಗಂಟಲು ಅವರದು. 1995ರ ನಂತರ ಆ ಕೆಲಸವನ್ನು ಮಗ ಸಮ್ಯಕ್‌ಗೆ ಬಿಟ್ಟರು. ಪ್ರಾಣ ತೆಗೆಯುವುದಿಲ್ಲ ಎಂಬ ಮೊದಲನೆಯ ಶೀಲವನ್ನು ಎಲ್ಲರೂ ಹೇಳುವಾಗ ಬಾಯಿ ಬಿಗಿದು ಕೂರುತ್ತಿದ್ದರು. ಕಳ್ಳತನ ಮಾಡುವುದಿಲ್ಲ ಎಂಬಲ್ಲಿಂದ ಅವರ ದನಿ ಸೇರುತ್ತಿತ್ತು.

ಆ ವರ್ಷ ಹಗರೆಯಲ್ಲಿ ಅವರ ಅಳಿಯ ಮಧುಕುಮಾರ್ ತನ್ನ ಹೆಂಡತಿ ಭಾಗ್ಯಳನ್ನೂ ಮೂರು ವರ್ಷದ ಮಗಳು ವಿಶಾಖಳನ್ನೂ ಮಚ್ಚಿನಿಂದ ಕೊಂದಿದ್ದ. ಇನ್ನೊಂದು ಮದುವೆಗೆ ಹೆಂಡತಿ ಅಡ್ಡವಾಗಿದ್ದಳು. ಮಗು ಕಂಡದ್ದನ್ನು ಹೇಳುವಷ್ಟು ಮಾತು ಕಲಿತಿತ್ತು. ಹಾಸನದ ಕೋರ್ಟು ಗಲ್ಲುಶಿಕ್ಷೆ ಕೊಟ್ಟಿತು, ಮೇಲಿನ ಕೋರ್ಟುಗಳು ಅದನ್ನು ಎತ್ತಿಹಿಡಿದವು. ರಾಷ್ಟ್ರಪತಿಗಳಿಗೆ ಕ್ಷಮಾದಾನದ ಅರ್ಜಿ ಹಾಕುವ ದಾರಿಯೊಂದು ಉಳಿದಿತ್ತು.

ಮುತ್ತಮ್ಮನಿಗೆ ಬೇಕಿದ್ದದ್ದು ಒಂದೇ. ಅವನು ನೇಣಿನಲ್ಲಿ ತೂಗಬೇಕು, ತಾನು ಬದುಕಿರುವಾಗಲೇ ತೂಗಬೇಕು.

ಅರಸೀಕೆರೆಯ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದ ಸಮ್ಯಕ್‌ಗೆ ಗಲ್ಲುಶಿಕ್ಷೆ ಮೊದಲಿನಿಂದಲೂ ಒಪ್ಪಿಗೆಯಿಲ್ಲ. ಸತ್ತವಳು ತನ್ನ ಅಕ್ಕನೇ ಆದರೂ ಅವನು ಮಾತು ಬದಲಿಸಲಿಲ್ಲ. ತಾಯಿ ಮಗನ ಊಟ ಹೆಚ್ಚಾಗಿ ಈ ಜಗಳದಲ್ಲೇ ಮುಗಿಯುತ್ತಿತ್ತು.

“ಬಾಬಾಸಾಹೇಬ್ರೇ ಗಲ್ಲು ತೆಗೆದುಹಾಕೋದು ವಾಸಿ ಅಂದಿದ್ರಮ್ಮ.”

“ಅವ್ರು ಮಕ್ಕಳ್ನ ಕಾಯ್ಲೆಗೆ ಕಳ್ಕಂಡ್ರು ಕಣೋ. ನನ್ ಮಗಳ್ನ ಕಾಯ್ಲೆ ತಗಂಡೋಯ್ತಾ?”

“ಗಲ್ಲಿಗೆ ಹೋಗೋರೆಲ್ಲ ನಮ್ಮಂಥೋರೇ. ದೊಡ್ಡ ವಕೀಲ್ರನ್ನ ಇಟ್ಕೊಂಡೋರು ಯಾರಾದ್ರೂ ಹೋಗವ್ರಾ?”

“ಸತ್ತೋರೂ ನಮ್ಮಂಥೋರೇ.”

“ಅವ್ನು ಸತ್ರೆ ಅಕ್ಕ ಬತ್ತಾಳಾ?”

“ಬರಾಕಿಲ್ಲ. ಅವ್ನೂ ಇರಾಕಿಲ್ಲ. ನಂಗಷ್ಟು ಸಾಕು. ಮುದ್ದೆ ಆರೋಯ್ತದೆ, ಉಣ್ಣು.”

2001ರ ಬೇಸಿಗೆಯಲ್ಲಿ ಮಧುಕುಮಾರನ ತಾಯಿ ದೇವೀರಮ್ಮ ಹಗರೆಯಿಂದ ಹಳೇಬೀಡಿಗೆ ಬಂದು, ಅಲ್ಲಿ ಬಸ್ ಬದಲಿಸಿ ಬಾಣಾವರಕ್ಕೆ ಬಂದರು. ಹಿಂದೆ ಇದೇ ಮನೆಗೆ ಹೆಣ್ಣು ಕೇಳಲು ಹೂವು ಹಣ್ಣು ಹಿಡಿದು ಬಂದಿದ್ದವರು ಈಗ ಅಂಗಳದಲ್ಲೇ ನಿಂತರು. ಜಗುಲಿಯಲ್ಲಿ ಕೂತಿದ್ದ ಮುತ್ತಮ್ಮ ನೀರು ಬೇಕೇ ಎಂದೂ ಕೇಳಲಿಲ್ಲ.

“ಒಂದ್ ಮಾತು ಬರ್ಕೊಡಿ ಬೀಗ್ತಿ. ಕೊಲ್ಲಬ್ಯಾಡಿ ಅಂತ ನೀವೇ ಅಂದ್ರೆ ದಿಲ್ಲೀಲಿ ಕೇಳ್ತಾರಂತೆ. ಲಾಯರು ಹೇಳವ್ರೆ.”

“ಬೀಗ್ತಿ ಅನ್ಬ್ಯಾಡ. ಆ ನಂಟನ್ನೂ ನಿನ್ ಮಗನೇ ಕಡ್ದಾಕವ್ನೆ.”

ದೇವೀರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಕಲ್ಲು ಕರಗಲಿ ಎಂದೇ ಇರಬೇಕು, ಮಗನ ಸಂಕಟವನ್ನು ತೋಡಿಕೊಂಡರು. “ಅವ್ನು ಅರ್ಜಿ ಬ್ಯಾಡವೇ ಬ್ಯಾಡ ಅಂತವ್ನೆ. ಬೇಗ ನೇಣಾಕ್ಲಿ, ಮುಗ್ದೋಗ್ಲಿ ಅಂತವ್ನೆ. ಕಣ್ ಮುಚ್ಚಿದ್ರೆ ಮಗಾ ಕೂಗ್ತದಂತೆ. ಅದ್ಕೇ ನಾನೇ ಅರ್ಜಿ ಹಾಕ್ತಾ ಇವ್ನಿ.”

ಮುತ್ತಮ್ಮ ಜಗುಲಿಯ ಅಂಚಿಗೆ ಸರಿದು ಕೂತರು.

“ಏನಂತ ಕೂಗ್ತದಂತೆ?”

“ಅಪ್ಪಾ ಅಂತ.”

“ದಿನಾಲೂ?”

“ದಿನಾಲೂ. ಉಂಡಿದ್ದು ದಕ್ಕಾಕಿಲ್ಲ. ಅರ್ಧ ಆಗೋಗವ್ನೆ ಕಣವ್ವ.”

ಮುತ್ತಮ್ಮ ಎದ್ದು ಒಳಗೆ ಹೋದರು. ಒಂದು ಚೊಂಬು ನೀರು, ಅಂಗೈಯಲ್ಲಿ ಬೆಲ್ಲದ ಚೂರು ಹಿಡಿದು ಬಂದರು. ಆರು ವರ್ಷದಲ್ಲಿ ಆ ಮನೆಯಿಂದ ಬೀಗರಿಗೆ ಸಿಕ್ಕ ಮೊದಲ ನೀರು ಅದು.

“ಕುಡಿ. ಬರ್ಕೊಡ್ತೀನಿ. ಬದುಕ್ಲಿ ಅವ್ನು.”

ದೇವೀರಮ್ಮ ಅವರ ಕಾಲು ಹಿಡಿದುಕೊಂಡು ಅತ್ತರು. ಸಂಜೆ ಪತ್ರ ಬರೆಯಲು ಕೂತ ಸಮ್ಯಕ್‌ಗೂ ಕಣ್ಣು ತುಂಬಿತ್ತು. ಬರೆದು ಮುಗಿಸಿ ತಾಯಿಗೆ ಓದಿ ಹೇಳಿದ. ‘ನಾನು ಅವನನ್ನು ಕ್ಷಮಿಸಿದ್ದೇನೆ’ ಎಂಬಲ್ಲಿ ಮುತ್ತಮ್ಮ ತಡೆದರು.

“ಅದನ್ನ ಹೊಡ್ದಾಕು.”

“ಯಾಕಮ್ಮ?”

“ಸುಳ್ಳೇಳಾಕಿಲ್ಲ ಅನ್ನೋ ಶೀಲನ ನಾನು ಯಾವತ್ತೂ ಬಿಟ್ಟಿಲ್ಲ. ಪ್ರಾಣ ತೆಗೀಬ್ಯಾಡಿ, ಸಾಯಗಂಟ ಒಳಗೇ ಇಟ್ಕಳಿ. ಅಷ್ಟು ಬರಿ.”

ಸಮ್ಯಕ್ ತಾಯಿಯ ಮುಖ ನೋಡಿದ. ಆಮೇಲೆ ಆ ಸಾಲು ಹೊಡೆದುಹಾಕಿದ.

ಮುಂದಿನ ಹುಣ್ಣಿಮೆಯಂದು ಮುತ್ತಮ್ಮ ಐದೂ ಶೀಲ ಹೇಳಿದರು, ಮೊದಲನೆಯದನ್ನು ಎಲ್ಲರಿಗಿಂತ ಗಟ್ಟಿಯಾಗಿ. ನಿವೃತ್ತ ಮೇಷ್ಟ್ರು ಕೆಂಚಯ್ಯನವರು “ಕರುಣೆ ಅಂದ್ರೆ ಇದಪ್ಪ” ಎಂದು ಮಿಕ್ಕವರ ಕಡೆ ತಿರುಗಿದರು.

“ಕ್ಷಮಿಸ್ತೀನಿ ಅನ್ನೋದು ಐದ್ರಾಗೆ ಎಲ್ಲೈತೆ ಮೇಷ್ಟ್ರೇ?” ಎಂದರು ಮುತ್ತಮ್ಮ. “ಟೀ ಆರೋಯ್ತದೆ, ಕುಡೀರಿ.”

ಎರಡು ವರ್ಷದ ನಂತರ ಗಲ್ಲು ರದ್ದಾಗಿ ಜೀವಾವಧಿಯಾಯಿತು. ಉಸಿರಿರುವವರೆಗೂ ಜೈಲು. ಅಂದಿನಿಂದ ವಿಶಾಖಳ ಹುಟ್ಟುಹಬ್ಬಕ್ಕೆ ಹೊಂದಿಸಿಕೊಂಡು ಮುತ್ತಮ್ಮ ದೇವೀರಮ್ಮನ ಜೊತೆ ರೈಲು ಹತ್ತಿ, ಅವನಿರುವ ಬೆಳಗಾವಿ ಜೈಲಿಗೆ ಹೋಗುತ್ತಾರೆ. ಅಂಗನವಾಡಿಯಲ್ಲಿ ಹುಟ್ಟುಹಬ್ಬದ ಮಗು ಎಲ್ಲರಿಗೂ ಚಾಕೊಲೇಟ್ ಹಂಚುವುದು ರೂಢಿ. ಮುತ್ತಮ್ಮ ಜೈಲಿನ ಬಾಗಿಲಲ್ಲಿ ಕಾವಲಿನವರಿಗೆ ಹಂಚುತ್ತಾರೆ.

ಮೊದಲ ಸಲ ಮಧುಕುಮಾರ್ ಭೇಟಿಗೆ ಬರುವುದಿಲ್ಲ ಎಂದಿದ್ದ. ‘ನಿನ್ ಪ್ರಾಣ ಉಳಿಸ್ದೋರು ಬಂದವ್ರೆ’ ಎಂದು ತಾಯಿಯೇ ಹೇಳಿಕಳಿಸಿ ಬರಿಸಿದರು. ಈಗ ತಾನಾಗಿ ಬಂದು ತಲೆ ತಗ್ಗಿಸಿ ನಿಲ್ಲುತ್ತಾನೆ.

2006ರಲ್ಲಿ ಜಾಲರಿಯ ಈಚೆ ನಿಂತು ಮುತ್ತಮ್ಮ ಹೇಳಿದರು: “ವಿಶಾಖಂಗೆ ಇವತ್ಗೆ ಹದಿನಾಲ್ಕು ತುಂಬ್ತು. ಒಂಬತ್ನೇ ಕ್ಲಾಸ್ನಲ್ಲಿ ಇರ್ತಿದ್ಲು. ಎರಡು ಜಡೆ, ನೀಲಿ ಲಂಗ.”

ಅವನು ಜಾಲರಿಗೆ ಹಣೆ ಒತ್ತಿದ. “ಅತ್ತೆ, ಸಾಕು ಮಾಡಿ. ಅವತ್ತೇ ನನ್ನ ಸಾಯಾಕ್ ಬಿಡ್ಬೇಕಿತ್ತು ನೀವು.”

ದೇವೀರಮ್ಮ ಪಕ್ಕದಲ್ಲಿ ಬಿಕ್ಕುತ್ತಿದ್ದರು. ಮುತ್ತಮ್ಮ ಕೈಚೀಲ ತೆಗೆದು ಟಾನಿಕ್ಕಿನ ಬಾಟಲಿಯೊಂದನ್ನು ಕಾವಲಿನವನ ಮುಂದಿಟ್ಟರು.

“ಡಾಕ್ಟ್ರನ್ನ ಕೇಳಿ ಕೊಡಿ ಸ್ವಾಮಿ. ಬಾಳ ಸೊರಗವ್ನೆ. ಇನ್ನೂ ಬಾಳ ವರ್ಷ ಇರ್ಬೇಕು.”