ಗೊರಕೆಯನ್ನು ನಿದ್ದೆ ಎಂದುಕೊಂಡೆವು

ನನ್ನ ಮಗಳು ನಾಲ್ಕು ವರ್ಷದವಳಿದ್ದಾಗಲೇ ದೊಡ್ಡವರ ಹಾಗೆ ಗೊರಕೆ ಹೊಡೆಯುತ್ತಿದ್ದಳು. ದಾವಣಗೆರೆಯ ನಮ್ಮ ಮನೆಯಲ್ಲಿ ಅದೊಂದು ತಮಾಷೆ. "ಅಜ್ಜನ ಗೊರಕೆ ಮೊಮ್ಮಗಳಿಗೆ ಬಂದೈತೆ" ಎಂದು ಅತ್ತೆ ನಗುತ್ತಿದ್ದರು. ಗೊರಕೆ ಹೊಡೆಯುವ ಮಗು ಚೆನ್ನಾಗಿ ನಿದ್ದೆ ಮಾಡುತ್ತಿದೆ ಎಂದೇ ಎಲ್ಲರೂ ನಂಬಿದ್ದೆವು.

ನಾನು ಹರಿಹರದ ಶಾಲೆಯೊಂದರಲ್ಲಿ ಟೀಚರ್. ಅವಳನ್ನೂ ಅಲ್ಲಿಗೇ ಸೇರಿಸಿದೆ. ದಿನಾ ಇಬ್ಬರೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ಎರಡನೇ ತರಗತಿಗೆ ಬರುವಷ್ಟರಲ್ಲಿ ಸ್ಟಾಫ್ ರೂಮಿನಲ್ಲಿ ನಾನು ತಲೆ ಎತ್ತದಂತಾಯಿತು. ಪಾಠದ ನಡುವೆ ಬೆಂಚಿನ ಮೇಲೆ ತಲೆಯಿಟ್ಟುಬಿಡುತ್ತಾಳೆ, ಎಬ್ಬಿಸಿದರೆ ಪಕ್ಕದವರನ್ನು ಚಿವುಟುತ್ತಾಳೆ, ನಿನ್ನೆ ಕಲಿತದ್ದು ಇವತ್ತು ನೆನಪಿರುವುದಿಲ್ಲ. "ಮನೇಲಿ ಮುದ್ದು ಜಾಸ್ತಿ ಆಗೈತೆ ನೋಡ್ರಿ ಮೇಡಂ" ಎಂದರು ಅವಳ ಕ್ಲಾಸ್ ಟೀಚರ್. ಅಂದು ಸಂಜೆ ಅವಳಿಗೆ ಸ್ಕೇಲಿನಿಂದ ಹೊಡೆದೆ. ಅದು ಮೊದಲ ಸಲ. ಆಮೇಲೆ ಎಷ್ಟು ಸಲವೋ.

ಏಳು ತುಂಬಿದರೂ ಹಾಸಿಗೆ ಒದ್ದೆ ಮಾಡುತ್ತಿದ್ದಳು. ಓರಗೆಯ ಮಕ್ಕಳೆಲ್ಲ ಅವಳಿಗಿಂತ ಎತ್ತರ ಬೆಳೆದಿದ್ದರು. ಬೆಳಿಗ್ಗೆ ತಲೆನೋವು ಎಂದು ಅಳುತ್ತಿದ್ದಳು. ಶಾಲೆ ತಪ್ಪಿಸುವ ನೆವ ಎಂದುಕೊಂಡೆ. ಒಂದು ಭಾನುವಾರ, ಆಟದ ಸಾಮಾನು ಕೊಡಲಿಲ್ಲವೆಂದು ತಮ್ಮನನ್ನು ಮೆಟ್ಟಿಲಿನಿಂದ ನೂಕಿದಳು. ಅವನ ಹಣೆಗೆ ಹೊಲಿಗೆ ಬಿದ್ದವು. ನಮ್ಮ ಯಜಮಾನರು ಮಧ್ಯಾಹ್ನವಿಡೀ ಅವಳನ್ನು ಕೋಣೆಯಲ್ಲಿ ಕೂಡಿಹಾಕಿದರು. ಅತ್ತು ಕರೆದಳು. ನಾನು ಚಿಲಕ ತೆಗೆಯಲಿಲ್ಲ. ಸಂಜೆ ಬಾಗಿಲು ತೆರೆದಾಗ ಬರಿ ನೆಲದ ಮೇಲೆ ಕತ್ತು ಹಿಂದಕ್ಕೆ ಚಾಚಿ, ಬಾಯಿ ತೆರೆದು ಮಲಗಿದ್ದಳು.

ಅದಾಗಿ ಹದಿನೈದು ದಿನವಿರಬಹುದು. ಶಾಲೆ ಬಿಟ್ಟು ಬರುವಾಗ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ನಿದ್ದೆಹೋದಳು. ಪಕ್ಕದಲ್ಲಿ ಸಾರಥಿ ಎಂಬ ಹಳ್ಳಿಯ ಅಜ್ಜಿಯೊಬ್ಬರು, ಆಸ್ಪತ್ರೆಯಲ್ಲಿದ್ದ ಸೊಸೆಗೆ ಬುತ್ತಿ ಹಿಡಿದು ಕೂತಿದ್ದರು. ಮಗುವನ್ನೇ ನೋಡುತ್ತಿದ್ದವರು ನನ್ನ ತೋಳು ಅಲುಗಿಸಿದರು.

"ಯವ್ವಾ, ಈ ಕೂಸು ಉಸುರಾಡ್ತಿಲ್ಲ ನೋಡು."

"ಅದು ಗೊರಕೆ ಅಜ್ಜಿ, ಮೊದ್ಲಿಂದ್ಲೂ ಐತೆ."

"ಗೊರಕೆ ನಿಂತೈತಲ್ಲ, ಅದ್ನೇ ಹೇಳ್ತಿರೋದು. ಎದಿ ಮ್ಯಾಲೆ ಕೈ ಇಡು."

ಇಟ್ಟೆ. ಎದೆ ಜಗ್ಗುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಆಮೇಲೆ ಮೈಯೆಲ್ಲ ಬೆಚ್ಚಿ, ನೀರಲ್ಲಿ ಮುಳುಗಿ ಎದ್ದವಳ ಹಾಗೆ ಉಸಿರೆಳೆದು, ಮತ್ತೆ ಗೊರಕೆ ಶುರುಮಾಡಿದಳು. ಊರು ಮುಟ್ಟುವುದರೊಳಗೆ ಇನ್ನೂ ಐದಾರು ಸಲ ಹಾಗಾಯಿತು. ಕೈ ತೆಗೆಯಲು ನನಗೆ ಧೈರ್ಯವಾಗಲಿಲ್ಲ.

ಮರುದಿನ ಡಾಕ್ಟರು ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿದರು. ಎರಡೂ ಟಾನ್ಸಿಲ್ ಒಂದಕ್ಕೊಂದು ತಾಗುವಷ್ಟು ಊದಿದ್ದವು. ಮೂಗಿನ ಹಿಂದೆಯೂ ಅಂಥದೇ ಗಡ್ಡೆ ಬೆಳೆದು, ಮಲಗಿದಾಗ ಉಸಿರಿನ ದಾರಿ ಕಟ್ಟುತ್ತಿತ್ತು. ಎದೆಯ ಸ್ಕ್ಯಾನ್ ಮಾಡಿಸಿದ ಮೇಲೆ ಅವರ ದನಿ ಇಳಿಯಿತು. "ಈ ಮಗು ವರ್ಷಗಟ್ಟಲೆ ಸರಿಯಾಗಿ ನಿದ್ದೇನೇ ಮಾಡಿಲ್ಲಮ್ಮ. ಹಾರ್ಟಿಗೂ ತೊಂದ್ರೆ ಆಗೈತೆ. ಇಷ್ಟು ದಿನ ಯಾಕ ಕರ್ಕೊಂಡು ಬರ್ಲಿಲ್ಲ?"

ಆಪರೇಷನ್ ಆಯಿತು. ಗೊರಕೆ ನಿಂತಿತು. ಕೆಲವು ತಿಂಗಳಲ್ಲಿ ಹಾಸಿಗೆ ಒದ್ದೆಯಾಗುವುದೂ, ಚಿವುಟುವುದೂ ನಿಂತವು. ಹೃದಯಕ್ಕೆ ಮಾತ್ರ ಇನ್ನೂ ಮಾತ್ರೆ ನುಂಗುತ್ತಾಳೆ. ಓದಿನಲ್ಲಿ ಹಿಂದೆ ಬಿದ್ದದ್ದು ತುಂಬಿಬಂದಿಲ್ಲ.

ಮೊನ್ನೆ ಜಡೆ ಹಾಕಿಸಿಕೊಳ್ಳುತ್ತ ಕೇಳಿದಳು: "ಅಮ್ಮ, ಅವಾಗ ನಾನು ಬೇಕಂತ ಮಾಡ್ತಿದ್ನಾ?"

"ಇಲ್ಲವ್ವ."

"ಮತ್ತೆ ಯಾಕ ಹೊಡೀತಿದ್ದೆ?"

"ನಂಗೆ ಗೊತ್ತಾಗ್ಲಿಲ್ಲ ಕಣವ್ವ."

ಅವಳು ಜಡೆಯ ತುದಿಯನ್ನು ನನ್ನ ಕೈಯಿಂದ ಬಿಡಿಸಿಕೊಂಡು, ರಿಬ್ಬನ್ನು ತಾನೇ ಕಟ್ಟಿಕೊಳ್ಳುತ್ತ ಹೊರಗೆ ಹೋದಳು.